ಸಿರೋಖರ್ ಕೆರೆಯ ಏಳನೆಯ ಕಲಂ

ಕೆರೆಗಳನ್ನು ಉಳಿಸುವುದಕ್ಕೆಂದೇ ದೆಹಲಿಯಲ್ಲಿ ಒಂದು ನಿರ್ದೇಶನಾಲಯವಿತ್ತು. ಅದರಲ್ಲಿ ನಾನು ಇಪ್ಪತ್ತೆಂಟು ವರ್ಷ ಸಂಬಳ ತಿಂದೆ. ಐದನೆಯ ಮಹಡಿಯಲ್ಲಿ ನಮ್ಮ ಸೆಕ್ಷನ್ನು. ಹನ್ನೊಂದು ಮೇಜು, ಗೋಡೆಯುದ್ದಕ್ಕೂ ಕಬ್ಬಿಣದ ಬೀರು, ಬೀರುವಿನ ತುಂಬ ದೇಶದ ನೂರಾರು ಕೆರೆಗಳ ಫೈಲು. ಅವುಗಳಲ್ಲಿ ಒಂದನ್ನಾದರೂ ಕಣ್ಣಾರೆ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಕಾಣಬೇಕೆಂಬ ನಿಯಮವೂ ಇರಲಿಲ್ಲ. ಕೆರೆ ಬತ್ತಿದಷ್ಟೂ ಅದರ ಫೈಲು ದಪ್ಪವಾಗುತ್ತದೆ ಎನ್ನುವುದಷ್ಟೇ ನಮಗೆ ತಿಳಿದಿದ್ದ ಜಲವಿಜ್ಞಾನ.

ಇಂಥ ಜಾಗದಲ್ಲಿ ತಿಪ್ಪೇಸ್ವಾಮಿ ಎಂಬ ಮನುಷ್ಯ ಹೇಗೆ ಬಾಳಿದರೋ ನನಗೆ ಇವತ್ತಿಗೂ ಆಶ್ಚರ್ಯ. ಚಿತ್ರದುರ್ಗದ ಕಡೆಯವರು. ಅಸಿಸ್ಟೆಂಟ್ ಎಂದು ಸೇರಿ ಅಸಿಸ್ಟೆಂಟ್ ಆಗಿಯೇ ತಲೆ ನರೆಸಿಕೊಂಡವರು. ಉತ್ತರದವರ ಬಾಯಲ್ಲಿ ಅವರ ಹೆಸರು ಹೊರಳದೆ ಎಲ್ಲರಿಗೂ ‘ಸ್ವಾಮೀಜಿ’ ಆಗಿದ್ದರು. ಮಯೂರ್ ವಿಹಾರ್‌ನಲ್ಲಿ ನಮ್ಮದೇ ಸೊಸೈಟಿ, ನಮ್ಮ ಮನೆಯ ಮೇಲಿನ ಮನೆ. ಬೆಳಿಗ್ಗೆ ಒಂದೇ ಬಸ್ಸು, ಮಧ್ಯಾಹ್ನ ಒಂದೇ ಮೇಜಿನ ಮೇಲೆ ಇಬ್ಬರ ಡಬ್ಬಿ. ಅವರಿಗಿದ್ದ ಒಂದೇ ದುರಭ್ಯಾಸವೆಂದರೆ ಫೈಲನ್ನು ಓದುವುದು. ನಾವೆಲ್ಲ ಫೈಲನ್ನು ಮುಂದಕ್ಕೆ ತಳ್ಳುತ್ತಿದ್ದೆವು. ಅವರು ಅದನ್ನು ಬಿಚ್ಚಿ ಮೊದಲ ಹಾಳೆಯಿಂದ ಓದುತ್ತಿದ್ದರು. ಅಂಥವರಿಗೆ ಬಡ್ತಿ ಬೇಗ ಬರುವುದಿಲ್ಲ.

ಸಿರೋಖರ್ ಕೆರೆಯ ಫೈಲು ಅವರ ಮೇಜಿಗೆ ಬಂದದ್ದು 2003ರಲ್ಲಿ. ಗ್ರೇಟರ್ ನೋಯ್ಡಾ ದಾಟಿ, ಹೆದ್ದಾರಿ ಬಿಟ್ಟು ಒಳಗೆ ಹೋದರೆ ಆ ಊರು. ಅಲ್ಲಿ ಒಂದು ದೊಡ್ಡ ಬಡಾವಣೆ ಕಟ್ಟಬೇಕೆಂದು ಯಾರೋ ಹೊಂಚು ಹಾಕಿದ್ದರು. ಅದು ಕೆರೆಯೇ ಅಲ್ಲ ಎಂದು ನಮ್ಮ ನಿರ್ದೇಶನಾಲಯ ಬರೆದುಕೊಟ್ಟರೆ ಸಾಕಿತ್ತು. ಹಾಗೆ ಬರೆದುಕೊಡಲು ನಮ್ಮ ಜಂಟಿ ನಿರ್ದೇಶಕರಾದ ಭಟನಾಗರ್ ಸಾಹೇಬರು ಸ್ಥಳ ಪರಿಶೀಲನೆಗೆ ಹೊರಟರು. ಯಾವಾಗ? ಜೂನ್ ಎರಡನೆಯ ವಾರದಲ್ಲಿ! ಚಳಿಗಾಲದಲ್ಲಾದರೆ ಮಂಜು ಕವಿದು ಡ್ರೈವರ್‌ಗೆ ದಾರಿ ಕಾಣುವುದಿಲ್ಲವಂತೆ. ಬರೆದುಕೊಳ್ಳಲು ತಿಪ್ಪೇಸ್ವಾಮಿ, ಸಾಹೇಬರ ಊಟದ ಬುಟ್ಟಿ ನೋಡಿಕೊಳ್ಳಲು ನಾನು.

ಏರಿಯ ಮೇಲೆ ನಿಂತು ನೋಡಿದರೆ ಬಿರಿದ ಮಣ್ಣು, ಅದರಲ್ಲಿ ಹತ್ತಾರು ಎಮ್ಮೆ. ಸಾಹೇಬರು ಕರವಸ್ತ್ರವನ್ನು ತಲೆಗೆ ಹಾಕಿಕೊಂಡು, “ನೀರಿಲ್ಲ, ಪಕ್ಷಿಗಳಿಲ್ಲ, ಕೆರೆಯ ಯಾವ ಲಕ್ಷಣವೂ ಇಲ್ಲ. ಬರ್ಕೊಳ್ಳಿ ಸ್ವಾಮೀಜಿ,” ಎಂದರು. ಹಿಂದಿಯಲ್ಲಿ ನಡೆದ ಮಾತು ಇದು.

“ಸರ್, ಕೆರೆ ಬತ್ತಿದೆ ಅಷ್ಟೇ, ಎಲ್ಲೂ ಹೋಗಿಲ್ಲ,” ಎಂದರು ತಿಪ್ಪೇಸ್ವಾಮಿ. “ನಮ್ಮೂರ ಕೆರೆ ಕೂಡ ಬೇಸಿಗೇಲಿ ಹೀಗೇ ಇರುತ್ತೆ.”

“ಹಾಗಾದ್ರೆ ಪಕ್ಷಿ ತೋರಿಸಿ.”

“ಅವು ಚಳಿಗಾಲಕ್ಕೆ ಬರೋವು ಸರ್.”

“ನಾವು ಬಂದಾಗ ಇರಬೇಕಲ್ಲ!” ಎಂದು ಸಾಹೇಬರು ನಕ್ಕರು. ಅವರು ನಕ್ಕಿದ್ದರಿಂದ ನಾನೂ ನಕ್ಕೆ. ಏರಿಯ ಮೇಲೆ ನಾವು ನಿಂತದ್ದು ಹನ್ನೊಂದು ನಿಮಿಷ. ಊಟ ಮಾಡಿದ್ದು ಒಂದೂವರೆ ಗಂಟೆ.

ತಿಪ್ಪೇಸ್ವಾಮಿಯವರ ತಾತ ಊರಿನ ನೀರಗಂಟಿ. ಕೆರೆಯ ತೂಬು ಯಾವಾಗ ತೆಗೆಯಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ನೋಡಿಕೊಳ್ಳುತ್ತಿದ್ದವರು. ಅಂಥವರ ಮೊಮ್ಮಗನ ಮುಂದೆ ನಿಂತು ಕೆರೆಯನ್ನು ಕೆರೆಯಲ್ಲ ಎಂದರೆ ಸುಮ್ಮನಿದ್ದಾನೆಯೆ? ಜಗಳವಾಡುವ ಜಾತಿಯಲ್ಲ, ಗುಮಾಸ್ತನ ಜಾತಿ. ವರದಿಯ ಕೊನೆಗೆ ‘ಚಳಿಗಾಲದಲ್ಲಿ ಮತ್ತೊಮ್ಮೆ ಪರಿಶೀಲಿಸಬಹುದು’ ಎಂದು ಒಂದು ಸಾಲು ಸೇರಿಸಿ ಸಹಿಗಿಟ್ಟರು. ಸಾಹೇಬರು ಓದದೆ ಸಹಿ ಹಾಕಿದರು. ಅಲ್ಲಿಗೆ ಪರಿಶೀಲನೆ ಮುಗಿಯಲಿಲ್ಲವೆಂದಾಯಿತು, ಫೈಲು ಮುಚ್ಚುವಂತಿಲ್ಲ. ಆ ಒಂದು ಸಾಲಿನ ದೆಸೆಯಿಂದ ಬಡಾವಣೆಯವರು ಮೂರು ವರ್ಷ ಹಲ್ಲು ಕಡಿದುಕೊಂಡು ಕೂತರು.

ಆ ವರ್ಷದ ನವೆಂಬರ್‌ನಿಂದ ತಿಪ್ಪೇಸ್ವಾಮಿ ಭಾನುವಾರಗಳಂದು ಕಾಣೆಯಾಗತೊಡಗಿದರು. ಮಯೂರ್ ವಿಹಾರ್‌ನಿಂದ ನೋಯ್ಡಾಕ್ಕೆ ಒಂದು ಬಸ್ಸು, ಅಲ್ಲಿಂದ ಗ್ರೇಟರ್ ನೋಯ್ಡಾಕ್ಕೆ ಇನ್ನೊಂದು, ಆಮೇಲೆ ಹಾಲಿನ ಕ್ಯಾನುಗಳ ನಡುವೆ ಟೆಂಪೋದಲ್ಲಿ ನಿಂತು ಪ್ರಯಾಣ, ಕೊನೆಗೆ ಎರಡು ಮೈಲಿ ನಡಿಗೆ. ಹೋಗಿ ಹಕ್ಕಿ ಎಣಿಸುವುದು! ಅವರ ಹೆಂಡತಿ ವಾಸಂತಿ ನಮ್ಮ ಮನೆಗೆ ಬಂದು ಗೋಳು ಹೇಳಿಕೊಂಡರು.

“ಬೇರೆಯವರ ಗಂಡಂದಿರು ಭಾನುವಾರ ದೋಸೆ ತಿಂದು ಮಲಗ್ತಾರೆ. ನಮ್ಮೋರು ಬಾತುಕೋಳಿ ಎಣಿಸೋಕೆ ಹೋಗ್ತಾರೆ. ಅನಂತರಾಮ್ ಅವರೇ, ಇದನ್ನ ಯಾರ ಹತ್ರನಾದ್ರೂ ಹೇಳ್ಕೊಳ್ಳೋಕಾಗುತ್ತಾ? ಮಗಳು ಬೇರೆ ‘ಪಾಪಾ ಪಾಗಲ್ ಹೋ ಗಯೇ’ ಅಂತಾಳೆ.”

ನಾನು ಆಫೀಸಿನಲ್ಲಿ ಇದನ್ನು ಉಪ್ಪುಖಾರ ಹಚ್ಚಿ ಹೇಳಿದೆ. ಒಂದು ಚಳಿಗಾಲವಿಡೀ ಸೆಕ್ಷನ್ನಿನ ಚಹಾಕ್ಕೆ ಅದೇ ಕುರುಕಲು.

ಮರುವರ್ಷ ಡಿಸೆಂಬರ್‌ನಲ್ಲಿ, ಇನ್ನೂ ಚೆನ್ನಾಗಿ ನಗೋಣವೆಂದು, ನಾನೂ ಅವರ ಜೊತೆ ಹೋದೆ. ಹೋದವನಿಗೆ ನಗು ಬರಲಿಲ್ಲ. ಜೂನ್‌ನಲ್ಲಿ ಎಮ್ಮೆ ಮಲಗಿದ್ದ ಜಾಗದಲ್ಲಿ ಕಣ್ಣು ಹಾಯುವಷ್ಟು ನೀರು, ನೀರು ಕಾಣದಷ್ಟು ಹಕ್ಕಿ. ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ಗುಂಪುಗುಂಪಾಗಿ ಕೂತಿದ್ದವು. ಹಣೆಯಲ್ಲಿ ಬಿಳಿ ಬೊಟ್ಟಿನ ನಾಮದ ಕೋಳಿಗಳು ಸಾವಿರಗಟ್ಟಲೆ. ತಿಪ್ಪೇಸ್ವಾಮಿ ಬಗಲಿಂದ ಉದ್ದ ರಿಜಿಸ್ಟರ್ ತೆಗೆದರು. ಕ್ರಮಸಂಖ್ಯೆ, ಹಕ್ಕಿಯ ಹೆಸರು, ಸಂಖ್ಯೆ, ಷರಾ ಎಂದು ಕಂಬ ಎಳೆದಿದ್ದರು. ಷರಾದಲ್ಲಿ ‘ಕಳೆದ ವಾರಕ್ಕಿಂತ ಹೆಚ್ಚು’ ಎಂದು ಬರೆದರು. ಗುಮಾಸ್ತ ಸ್ವರ್ಗಕ್ಕೆ ಹೋದರೂ ದೇವತೆಗಳನ್ನು ಕಂಬ ಎಳೆದೇ ಎಣಿಸುತ್ತಾನೆ.

ಅಲ್ಲಿ ಪರಿಚಯವಾದವಳು ಬಿರ್ಮೋ. ನಲವತ್ತೈದರ ಹೆಂಗಸು, ಸೊಂಟದ ತನಕ ನೀರಲ್ಲಿ ನಿಂತು ಸಿಂಗಾಡಾ ಬಳ್ಳಿಯನ್ನು ದಡಕ್ಕೆ ಎಳೆಯುತ್ತಿದ್ದಳು. ಸಿಂಗಾಡಾ ಎಂದರೆ ಕೆರೆಯಲ್ಲಿ ಬೆಳೆಯುವ ಕೊಂಬಿನ ಕಾಯಿ, ಉಪವಾಸದ ದಿನ ದೆಹಲಿಯವರು ಅದರ ಹಿಟ್ಟಿನಲ್ಲಿ ಪೂರಿ ಮಾಡುತ್ತಾರೆ. ಊರಿನ ಮೂವತ್ತು ಮನೆಗೆ ಅದೇ ಬದುಕು. ಬೇಸಿಗೆಯಲ್ಲಿ ಅವರು ಕೆರೆಯ ತಗ್ಗುಗಳಲ್ಲಿ ಉಳಿದ ಅಂತರಗಂಗೆ ಕಳೆಯನ್ನು ಬೇರುಸಹಿತ ಕಿತ್ತು ಸುಡುತ್ತಾರೆ. ಆಷಾಢದಲ್ಲಿ ಕಾಲುವೆಯ ತೂಬು ತೆಗೆದು ನೀರು ತುಂಬಿಸಿ ಬಳ್ಳಿ ನೆಡುತ್ತಾರೆ. ಕಾರ್ತೀಕ ಮುಗಿಯುತ್ತಲೇ ಕಾಯಿ ಬಿಡಿಸಿ ಬಳ್ಳಿಯನ್ನೆಲ್ಲ ಹೊರಗೆಳೆಯುತ್ತಾರೆ.

“ನಾವು ಬಳ್ಳಿ ಎಳೆದ ಮೇಲೆ ನೀರು ಬಯಲಾಗುತ್ತೆ, ಆಗ ಇವು ಇಳೀತಾವೆ,” ಎಂದಳು ಬಿರ್ಮೋ ತನ್ನ ಹಿಂದಿಯಲ್ಲಿ. “ನಾವು ಜಾಗ ಮಾಡಿಕೊಡದಿದ್ರೆ ಇವು ಎಲ್ಲಿ ಕೂರಬೇಕು, ಬಾಬೂಜಿ?”

ತಿಪ್ಪೇಸ್ವಾಮಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ನೋಡಿ, ಇವರೇ ಇಲ್ಲಿಯ ನೀರಗಂಟಿಗಳು,” ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಎರಡು ಚಳಿಗಾಲದ ಎಣಿಕೆಯನ್ನು ಅವರು ಫೈಲಿಗೆ ಸೇರಿಸಿದರು. ಭಟನಾಗರ್ ಸಾಹೇಬರು ಅಂಚಿನಲ್ಲಿ ಬರೆದರು: ‘ಹಕ್ಕಿ ಎಣಿಸಲು ಅಸಿಸ್ಟೆಂಟ್‌ಗೆ ಅಧಿಕಾರ ಕೊಟ್ಟವರು ಯಾರು?’ ಅಧಿಕಾರವಿದ್ದವರು ಎಲ್ಲಿದ್ದರು? ಪ್ರತಿವರ್ಷ ಫೆಬ್ರುವರಿ ಎರಡು, ವಿಶ್ವ ಜೌಗುಭೂಮಿ ದಿನ. ಹಕ್ಕಿಗಳೆಲ್ಲ ಕೆರೆಯಲ್ಲಿ ಇರುವ ಆ ಹೊತ್ತಿಗೆ ಅವುಗಳ ರಕ್ಷಕರೆಲ್ಲ ದೆಹಲಿಯ ಒಂದು ಸಭಾಂಗಣದಲ್ಲಿ ಪರದೆ ಎಳೆದುಕೊಂಡು ಹಕ್ಕಿಗಳ ಫೋಟೋ ನೋಡುತ್ತಿದ್ದರು.

2006ರ ಫೆಬ್ರುವರಿ ಎರಡರಂದು ಆ ಸಭೆಗೆ ಹಾಲೆಂಡಿನಿಂದ ಒಬ್ಬ ಪಕ್ಷಿತಜ್ಞ ಬಂದಿದ್ದ. ಊಟದ ಹೊತ್ತಿಗೆ ಅವನು, ಇಲ್ಲಿ ಹತ್ತಿರದಲ್ಲಿ ಯಾವುದಾದರೂ ಕೆರೆ ಇದ್ದರೆ ನೋಡಬಹುದಿತ್ತಲ್ಲ ಎಂದ. ಸಭಾಂಗಣದ ತುಂಬ ಕೆರೆಯ ಅಧಿಕಾರಿಗಳು. ಒಬ್ಬರಿಗೂ ಒಂದು ಕೆರೆ ಹೊಳೆಯಲಿಲ್ಲ. ಹಿಂದಿನ ಸಾಲಿನಲ್ಲಿ ಫೈಲು ಹೊತ್ತು ಕೂತಿದ್ದ ತಿಪ್ಪೇಸ್ವಾಮಿ ಎದ್ದು ಹೋಗಿ ತಮ್ಮ ರಿಜಿಸ್ಟರನ್ನು ಅವನ ತಟ್ಟೆಯ ಪಕ್ಕದಲ್ಲಿ ಬಿಚ್ಚಿಟ್ಟರು. ಮರುದಿನ ಆರು ಕಾರು ಸಿರೋಖರ್‌ಗೆ ಹೋದವು. ಮಂಜಿದ್ದರೂ ಡ್ರೈವರ್‌ಗಳಿಗೆ ದಾರಿ ಕಂಡಿತು! ಬಿಳಿಯ ಮನುಷ್ಯ ದುರ್ಬೀನು ಹಿಡಿದು ‘ಅದ್ಭುತ’ ಎಂದ ಮೇಲೆ ಹಕ್ಕಿಗಳು ಹಕ್ಕಿಗಳಾದವು, ಕೆರೆ ಕೆರೆಯಾಯಿತು. ಭಟನಾಗರ್ ಸಾಹೇಬರು, “ಇದು ಮೊದಲಿನಿಂದಲೂ ನನ್ನ ಮನಸ್ಸಿಗೆ ಹತ್ತಿರದ ಕೆರೆ,” ಎಂದು ಅವನಿಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ.

ಕೆರೆಯನ್ನು ರಕ್ಷಿತ ಪ್ರದೇಶವೆಂದು ಘೋಷಿಸುವ ಆದೇಶದ ಕರಡು ಸೋಮವಾರದೊಳಗೆ ಬೇಕೆಂದರು. ಅವತ್ತು ಶುಕ್ರವಾರ.

ನಮ್ಮ ಆಫೀಸಿನಲ್ಲಿ ಆದೇಶವನ್ನು ಯಾರೂ ಬರೆಯುವುದಿಲ್ಲ. ಹಳೆಯ ಫೈಲಿನಿಂದ ಒಂದು ಆದೇಶ ತೆಗೆದು, ಊರಿನ ಹೆಸರು, ಸರ್ವೆ ನಂಬರು, ಗಡಿ ಬದಲಾಯಿಸುತ್ತಾರೆ. ಹೊಸ ವಾಕ್ಯ ಬರೆದರೆ ಐದು ಜನಕ್ಕೆ ಉತ್ತರ ಹೇಳಬೇಕು. ಹಳೆಯ ವಾಕ್ಯಕ್ಕೆ ಯಾರೂ ಪ್ರಶ್ನೆ ಕೇಳುವುದಿಲ್ಲ. ತಿಪ್ಪೇಸ್ವಾಮಿಗೆ ಸಿಕ್ಕ ಮಾದರಿ ಯಾವುದೋ ಬೆಟ್ಟದ ಮೇಲಿನ ಕಾಡುಕೊಳದ್ದು, ಹತ್ತು ಮೈಲಿ ಸುತ್ತ ಮನುಷ್ಯರಿಲ್ಲದ ಜಾಗದ್ದು. ಅದರ ಏಳನೆಯ ಕಲಂ ಹೀಗಿತ್ತು: ‘ಗಡಿಯೊಳಗೆ ಜನರ ಪ್ರವೇಶ, ಮೀನುಗಾರಿಕೆ, ಬೆಳೆ, ದನ ಮೇಯಿಸುವುದು ಮತ್ತು ಯಾವುದೇ ಸಸ್ಯವನ್ನು ಕೀಳುವುದು ಸಂಪೂರ್ಣ ನಿಷಿದ್ಧ.’ ಎಲ್ಲ ಫೈಲನ್ನೂ ಓದುವ ಮನುಷ್ಯ, ಮೂರು ವರ್ಷದ ಆಸೆ ಕೈಗೆ ಬಂದ ಸಂತೋಷದಲ್ಲಿ ಅದೊಂದನ್ನು ಓದಲಿಲ್ಲ. ಗಡಿಯ ವಿವರಗಳನ್ನು ಮಾತ್ರ ಹೊಸದಾಗಿ, ಮುತ್ತು ಪೋಣಿಸಿದ ಹಾಗೆ ಬರೆದರು.

ಓದುವ ಕೆಲಸ ನನ್ನದು. ಕರಡನ್ನು ಎರಡನೆಯವನು ಒಬ್ಬ ಓದಿ, ‘ಓದಿ ನೋಡಿದೆ’ ಎಂದು ಬರೆದು ಕಿರುಸಹಿ ಹಾಕಬೇಕು. ನಾನು ಓದಿದೆ. ಏಳನೆಯ ಕಲಮನ್ನೂ ಓದಿದೆ. ಬಿರ್ಮೋಳ ಮುಖ ನೆನಪಾಗಲಿಲ್ಲವೆ? ನೆನಪಾಯಿತು. ಆದರೆ ಈಗ ತಿದ್ದಲು ಹೊರಟರೆ ಶನಿವಾರವೂ ಆಫೀಸಿಗೆ ಬರಬೇಕು, ಮಾದರಿಯಲ್ಲಿ ಇರುವುದು ತಾನೆ ಎಂದುಕೊಂಡು ಕಿರುಸಹಿ ಹಾಕಿ, ಆರು ಗಂಟೆಯ ಬಸ್ಸು ಹಿಡಿದೆ. ನಾಯಿಗಿಂತ ಕಡೆ ನಾನು. ಅದಾದರೂ ಕಳ್ಳನನ್ನು ಕಂಡರೆ ಒಮ್ಮೆ ಬೊಗಳುತ್ತದೆ.

ರಾಜ್ಯದವರು ನಮ್ಮ ಕರಡನ್ನು ಒಂದಕ್ಷರ ಬದಲಿಸದೆ ಏಪ್ರಿಲ್‌ನಲ್ಲಿ ಹೊರಡಿಸಿದರು. ಬಡಾವಣೆ ತಪ್ಪಿತು. ನಮ್ಮ ಕನ್ನಡ ಸಂಘದಲ್ಲಿ ತಿಪ್ಪೇಸ್ವಾಮಿಗೆ ಪೇಟ ತೊಡಿಸಿ ಶಾಲು ಹೊದಿಸಿದೆವು. ಅರ್ಧ ಸಭೆ ಬಿಸಿಬೇಳೆಬಾತಿಗಾಗಿ ಬಂದಿತ್ತು. ‘ಕೆರೆ ಉಳಿಸಿದ ಕನ್ನಡಿಗ’ ಎಂದು ಭಾಷಣ ಬಿಗಿದವನು ನಾನೇ.

ಡಿಸೆಂಬರ್‌ನಲ್ಲಿ ಇಬ್ಬರೂ ಮತ್ತೆ ಕೆರೆಗೆ ಹೋದೆವು. ಸುತ್ತ ಮುಳ್ಳುತಂತಿ, ಬಾಗಿಲಲ್ಲಿ ಕಾವಲುಗಾರ, ಒಂದು ದೊಡ್ಡ ಬೋರ್ಡು. ಬೋರ್ಡಿನ ಮೇಲೆ ಆ ಕೆರೆಗೆ ಎಂದೂ ಬಾರದ ಒಂದು ಗುಲಾಬಿ ಹಕ್ಕಿಯ ಚಿತ್ರ. ತಂತಿಯಾಚೆ ನೀರೇ ಕಾಣಲಿಲ್ಲ. ಈ ದಡದಿಂದ ಆ ದಡದವರೆಗೆ ಅಂತರಗಂಗೆ ಹಬ್ಬಿ ಕೆರೆ ಹಸಿರು ಮೈದಾನವಾಗಿತ್ತು. ಕಿತ್ತು ಹಾಕುವವರು ತಂತಿಯ ಹೊರಗಿದ್ದರಲ್ಲ! ಹೆಬ್ಬಾತುಗಳು ಬಂದು, ಎರಡು ದಿನ ಸುತ್ತಿ, ಇಳಿಯಲು ಜಾಗ ಕಾಣದೆ ಹೋದವೆಂದು ಕಾವಲುಗಾರ ಹೇಳಿದ. ಒಂದು ಮೂಲೆಯಲ್ಲಿ ಹನ್ನೊಂದು ನಾಮದ ಕೋಳಿಗಳಿದ್ದವು. ತಿಪ್ಪೇಸ್ವಾಮಿ ರಿಜಿಸ್ಟರ್ ತೆಗೆದು ಹನ್ನೊಂದು ಎಂದು ಬರೆದರು. ಷರಾದ ಕಂಬ ಖಾಲಿ ಬಿಟ್ಟರು.

ಬಿರ್ಮೋ ರಸ್ತೆಯಲ್ಲಿ ಸಿಕ್ಕಳು. ಅವಳ ಗಂಡ ಇಟ್ಟಿಗೆ ಭಟ್ಟಿಯ ಕೂಲಿಗೆ ಹೋಗಿದ್ದ. ಅವಳಿಗೆ ಓದು ಬರುತ್ತಿರಲಿಲ್ಲ, ಆದರೆ ಏಳನೆಯ ನಂಬರು ಬಾಯಿಪಾಠವಾಗಿತ್ತು. “ನಂಬರ್ ಸಾತ್, ಬಾಬೂಜಿ. ಎಲ್ಲರೂ ಅದನ್ನೇ ತೋರಿಸ್ತಾರೆ. ನೀವು ದಿಲ್ಲಿ ದಫ್ತರದವರು, ಹೇಳಿ, ಅದನ್ನ ಬರೆದವನು ಯಾರು?”

ತಿಪ್ಪೇಸ್ವಾಮಿ ಬೋರ್ಡಿನ ಕೆಳಗೆ ಅಂಟಿಸಿದ್ದ ಆದೇಶವನ್ನು ಅವತ್ತು ಮೊದಲ ಸಲ ಪೂರ್ತಿ ಓದಿದರು. ಮುಖ ಬೂದಿಯಾಯಿತು. “ಮೇಲಿನವರು,” ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ, “ಸುಳ್ಳು ಹೇಳಿದೆ, ಅನಂತರಾಮ್ ಅವರೇ,” ಎಂದರು.

“ಸುಳ್ಳೇನು ಬಂತು? ಸಹಿ ಮೇಲಿನವರದ್ದೇ ಅಲ್ವಾ?” ಎಂದೆ ನಾನು.

ಅವರು ಸೋಮವಾರ ಭಟನಾಗರ್ ಸಾಹೇಬರ ಮುಂದೆ ನಿಂತರು. ಸಾಹೇಬರು ಒಳ್ಳೆಯ ಮಾತೇ ಆಡಿದರು: “ಸ್ವಾಮೀಜಿ, ಫೈಲು ತಪ್ಪು ಮಾಡಲ್ಲ. ಪರಿಸ್ಥಿತಿ ಬದಲಾಗುತ್ತೆ. ‘ಬದಲಾದ ಪರಿಸ್ಥಿತಿ’ ಅಂತ ಬರೆದು ತನ್ನಿ, ಒಂದು ಕಮಿಟಿ ಮಾಡೋಣ.” ಕಮಿಟಿಯೆಂದರೆ ಎರಡು ವರ್ಷ. ಅಷ್ಟರಲ್ಲಿ ಮೂವತ್ತು ಮನೆಯವರೂ ಊರು ಬಿಟ್ಟಿರುತ್ತಿದ್ದರು, ಕೆರೆ ಕಳೆಯ ಕೆಳಗೆ ಕೊಳೆತಿರುತ್ತಿತ್ತು. ಇನ್ನೊಂದು ದಾರಿಯಿತ್ತು. ಗುಮಾಸ್ತನ ನಕಲಿನ ತಪ್ಪಾದರೆ ಕಮಿಟಿ ಬೇಡ. ಒಂದು ತಿದ್ದುಪಡಿ ಚೀಟಿ ಸಾಕು. ಆದರೆ ತಪ್ಪು ತನ್ನದೆಂದು ಒಬ್ಬ ಗುಮಾಸ್ತ ಸಹಿ ಹಾಕಿ ಒಪ್ಪಿಕೊಳ್ಳಬೇಕು. ಮಾರ್ಚಿನಲ್ಲಿ ಬಡ್ತಿಯ ಸಭೆ. ತಿಪ್ಪೇಸ್ವಾಮಿಗೆ ಐವತ್ತೊಂಬತ್ತು ವರ್ಷ, ಸೆಕ್ಷನ್ ಆಫೀಸರ್ ಆಗಲು ಅದೇ ಕೊನೆಯ ಅವಕಾಶ. ಮೂವತ್ತು ವರ್ಷ ಕಾದಿದ್ದ ಬಡ್ತಿ. ಪಟ್ಟಿಯಲ್ಲಿ ಅವರ ಕೆಳಗಿನ ಹೆಸರು ನನ್ನದು.

ಅವರು ನನ್ನ ಮೇಜಿಗೆ ಬಂದರು. “ಕರಡಿನ ಮೇಲೆ ನಿಮ್ಮ ಕಿರುಸಹಿನೂ ಇದೆ. ಇಬ್ಬರೂ ಬರೆದರೆ ಇಬ್ಬರ ಕಣ್ಣಿಗೂ ಬೀಳದ ತಪ್ಪು ಅಂತಾಗುತ್ತೆ, ಸ್ವಲ್ಪ ಹಗುರಾಗುತ್ತೆ.”

“ಧನ್ಯಾಗೆ ಗಂಡು ನೋಡ್ತಿದೀವಿ,” ಎಂದೆ. ನನ್ನ ಮಗಳ ಮದುವೆಗೂ ಇದಕ್ಕೂ ಏನು ಸಂಬಂಧವೋ ನನಗೇ ಗೊತ್ತಿರಲಿಲ್ಲ.

“ಸರಿ ಬಿಡಿ,” ಎಂದರು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅವರು ಹೋಗಿ ಕೂತು, ‘ಏಳನೆಯ ಕಲಮನ್ನು ಹಳೆಯ ಮಾದರಿಯಿಂದ ಓದದೆ ನಕಲು ಮಾಡಿದ್ದೇನೆ, ತಪ್ಪು ನನ್ನೊಬ್ಬನದು’ ಎಂದು ಬರೆದು ಸಹಿ ಹಾಕಿದರು. ಸಿಂಗಾಡಾ ಬೆಳೆಯುವುದು, ಕಳೆ ಕೀಳುವುದು, ಎಮ್ಮೆ ಮೇಯಿಸುವುದು ಊರಿನವರ ಹಕ್ಕು ಎಂದು ಹೊಸ ಕಲಮನ್ನು ಸ್ವಂತ ಮಾತಿನಲ್ಲಿ ಬರೆದರು. ಅವರ ನೌಕರಿಯಲ್ಲಿ ಮಾದರಿಯಿಲ್ಲದೆ ಬರೆದ ಕಲಂ ಅದೊಂದೇ.

ಮಾರ್ಚಿನಲ್ಲಿ ಅವರಿಗೆ ಮೆಮೊ ಸಿಕ್ಕಿತು. ನನಗೆ ಬಡ್ತಿ ಸಿಕ್ಕಿತು. ಸಂಘದಲ್ಲಿ ಈ ಸಲ ಶಾಲು ನನಗೆ. ತಿದ್ದುಪಡಿ ಜೂನ್‌ನಲ್ಲಿ ಹೊರಬಿತ್ತು. ಊರಿನವರು ಒಂದು ಬೇಸಿಗೆಯ ಕೆಲಸವನ್ನು ಮೂರು ವಾರದಲ್ಲಿ ಮಾಡಿ ಆಷಾಢದೊಳಗೆ ಅರ್ಧ ಕೆರೆ ಬಿಡಿಸಿದರಂತೆ. ಮರುವರ್ಷ ಉಳಿದರ್ಧ.

ತಿಪ್ಪೇಸ್ವಾಮಿ ಅಸಿಸ್ಟೆಂಟ್ ಆಗಿಯೇ 2007ರ ಅಕ್ಟೋಬರ್‌ನಲ್ಲಿ ನಿವೃತ್ತರಾದರು. ಮರುವರ್ಷ ಡಿಸೆಂಬರ್‌ನಲ್ಲಿ ಒಂದು ಭಾನುವಾರ ನಮ್ಮ ಬಾಗಿಲು ತಟ್ಟಿ, “ಬರ್ತೀರಾ?” ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ತಂತಿ ಹಾಗೇ ಇತ್ತು, ಬಾಗಿಲು ತೆರೆದಿತ್ತು. ನೀರು ಬಯಲಾಗಿತ್ತು. ಹೆಬ್ಬಾತುಗಳು ಇಳಿದಿದ್ದವು, ಮೊದಲಿನಷ್ಟಲ್ಲದಿದ್ದರೂ ಸಾಕಷ್ಟು. ಬಿರ್ಮೋ ಮತ್ತು ಅವಳ ಗಂಡ ದಡದಲ್ಲಿ ಬಳ್ಳಿ ಒಟ್ಟುತ್ತಿದ್ದರು. ತಿಪ್ಪೇಸ್ವಾಮಿ ಚಪ್ಪಲಿ ಬಿಟ್ಟು ಅವಳ ಮುಂದೆ ಹೋಗಿ ನಿಂತು, ಹರಕು ಹಿಂದಿಯಲ್ಲಿ ಹೇಳಿಬಿಟ್ಟರು: “ಅವತ್ತು ಸುಳ್ಳು ಹೇಳಿದೆ. ನಂಬರ್ ಸಾತ್ ಬರೆದವನು ನಾನು. ತಿದ್ದಿದವನೂ ನಾನೇ.”

ಬಿರ್ಮೋ ಕೈಯಲ್ಲಿದ್ದ ಬಳ್ಳಿಯನ್ನು ಕೆಳಗೆ ಹಾಕಿದಳು.

“ನಿಮ್ಮ ಒಂದು ಸಾಲಿಗೆ ಇವನು ವರ್ಷವಿಡೀ ಇಟ್ಟಿಗೆ ಹೊತ್ತ. ಇನ್ನೊಂದು ಸಾಲಿಗೆ ಮನೆಗೆ ಬಂದ,” ಎಂದಳು. “ನಮ್ಮನ್ನ ಒಂದು ಮಾತು ಕೇಳಿ ಬರೆದಿದ್ರೆ ಎರಡೂ ಬೇಕಿರಲಿಲ್ಲ.” ಆಮೇಲೆ ಕೇಳಿದಳು: “ಅಷ್ಟು ದೊಡ್ಡ ದಫ್ತರು, ಬಾಬೂಜಿ. ನೀವು ಬರೆದ ಮೇಲೆ ಅದನ್ನ ಇನ್ನೊಬ್ಬರು ಯಾರೂ ಓದಲಿಲ್ವಾ?”

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ತಿಪ್ಪೇಸ್ವಾಮಿ ನನ್ನ ಕಡೆ ತಿರುಗಲಿಲ್ಲ.

“ಇಲ್ಲಮ್ಮ,” ಎಂದರು. “ಯಾರೂ ಓದಲಿಲ್ಲ.”